ಬೆಟ್ಟ ಇಳಿಯುವಾಗ ಬ್ರೇಕ್ ಕೈಕೊಟ್ಟರೆ: ಸ್ಪೋರ್ಟ್ಸ್ ಕಾರಿನ ಕ್ಯಾಲಿಪರ್ ದೋಷ ಹುಡುಕುವ ಬಗೆ

ನಂದಿ ಬೆಟ್ಟ ಇಳಿದು ಬಂದ ಕಾರಿನ ಬ್ರೇಕ್ ಬಗ್ಗೆ ದೂರು ಬಂದರೆ ಮಾಲೀಕರು ಮೊದಲು ಕೇಳುವುದು ದೊಡ್ಡ ಕ್ಯಾಲಿಪರ್ ಹಾಕಿಸಬಹುದಾ ಎಂದು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಲ್ಲಿ ಅದುಮಿ ಹಿಡಿಯುವ ಭಾಗವೇ ಕ್ಯಾಲಿಪರ್, ಪ್ಯಾಡನ್ನು ಒತ್ತುವುದು ಅದರೊಳಗಿನ ಪಿಸ್ಟನ್. ಒಂದು ಪಿಸ್ಟನ್ ಇದ್ದವರಿಗೆ ನಾಲ್ಕು ಬೇಕು, ನಾಲ್ಕಿದ್ದವರಿಗೆ ಆರು. ಬಹುಪಾಲು ಸಲ ಕ್ಯಾಲಿಪರ್ ಚಿಕ್ಕದಾಗಿರುವುದು ಕಾರಣವಲ್ಲ. ಇರುವ ಕ್ಯಾಲಿಪರ್ ಸರಿಯಾಗಿ ಜಾರುತ್ತಿರುವುದಿಲ್ಲ, ಹಿಡಿದದ್ದನ್ನು ಪೂರ್ತಿ ಬಿಡುತ್ತಿರುವುದಿಲ್ಲ, ಇಲ್ಲವೇ ಒಳಗಿನ ಬ್ರೇಕ್ ಆಯಿಲ್ ಕುದ್ದಿರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ, ಖರ್ಚೂ ಬೇರೆ. ದುಡ್ಡು ಬಿಚ್ಚುವ ಮೊದಲು ಯಾವುದು ಎಂದು ಗೊತ್ತು ಮಾಡಿಕೊಳ್ಳಬೇಕು.

ಪಿಸ್ಟನ್ ಸಂಖ್ಯೆಯ ಲೆಕ್ಕ

ಡಿಸ್ಕನ್ನು ಎಷ್ಟು ಬಲವಾಗಿ ಅದುಮಬಹುದು ಎಂಬುದನ್ನು ತೀರ್ಮಾನಿಸುವುದು ಆಯಿಲ್ ಒತ್ತಡ ಮತ್ತು ಪಿಸ್ಟನ್ ವಿಸ್ತೀರ್ಣ. ಫ್ಲೋಟಿಂಗ್ ಕ್ಯಾಲಿಪರ್‌ನಲ್ಲಿ ಒಳಗಡೆ ಮಾತ್ರ ಪಿಸ್ಟನ್ ಇರುತ್ತದೆ. ಅದು ಒಳ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರ್ ಮೈ ಗೈಡ್ ಪಿನ್‌ಗಳ ಮೇಲೆ ಹಿಂದಕ್ಕೆ ಜಾರಿ ಹೊರ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಫಿಕ್ಸೆಡ್ ಕ್ಯಾಲಿಪರ್ ಅಲುಗಾಡುವುದಿಲ್ಲ, ಎರಡೂ ಕಡೆ ಪಿಸ್ಟನ್ ಇರುತ್ತವೆ. ಹಾಗಾಗಿ ಹೋಲಿಸುವಾಗ ಒಂದು ಬದಿಯ ಪಿಸ್ಟನ್‌ಗಳನ್ನು ಮಾತ್ರ ಎಣಿಸಬೇಕು.

57 ಮಿ.ಮೀ. ವ್ಯಾಸದ ಒಂಟಿ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 2,552 ಚದರ ಮಿ.ಮೀ. ಬದಿಗೆ 38 ಮತ್ತು 44 ಮಿ.ಮೀ. ಪಿಸ್ಟನ್ ಇರುವ ನಾಲ್ಕು ಪಿಸ್ಟನ್ ಕ್ಯಾಲಿಪರ್‌ನಲ್ಲಿ ಅದು ಸುಮಾರು 2,655. ಹೆಚ್ಚಿದ್ದು ಶೇ. 4 ಅಷ್ಟೇ. 70 ಬಾರ್ ಒತ್ತಡದಲ್ಲಿ ಎರಡೂ ಒಂದೊಂದು ಪ್ಯಾಡನ್ನು 1,800 ಕೆ.ಜಿ. ಭಾರದ ಆಸುಪಾಸಿನಲ್ಲಿ ಅದುಮುತ್ತವೆ. ಹಾಗಾದರೆ ಫಿಕ್ಸೆಡ್‌ನಿಂದ ಬರುವ ಲಾಭ ಏನು? ಪ್ಯಾಡ್ ಉದ್ದವಾಗಿರುತ್ತದೆ, ಅದರ ಉದ್ದಕ್ಕೂ ಒತ್ತಡ ಸಮನಾಗಿ ಬೀಳುತ್ತದೆ, ಮೈ ಬಾಗುವುದು ಕಡಿಮೆ, ಶಾಖ ತಡೆಯಲು ಹೆಚ್ಚು ಲೋಹ ಇರುತ್ತದೆ. ಕಾಲಿಗೆ ಹಿಡಿತ ಸ್ಪಷ್ಟವಾಗಿ ಗೊತ್ತಾಗುತ್ತದೆ, ಹತ್ತನೇ ಸಲ ತುಳಿದಾಗಲೂ ಮೊದಲಿನ ಹಾಗೇ ನಿಲ್ಲುತ್ತದೆ.

ಒಂದೇ ಸಲ ಜೋರಾಗಿ ತುಳಿದು ನಿಲ್ಲಿಸುವುದಕ್ಕೆ ಮಿತಿ ಟೈರಿನದು. 100 ಕಿ.ಮೀ. ವೇಗದಿಂದ 1 ಜಿ (ಗುರುತ್ವಾಕರ್ಷಣೆಯಷ್ಟೇ ತಡೆಬಲ) ಹಿಡಿತದಲ್ಲಿ ನಿಲ್ಲಲು 39 ಮೀಟರ್ ಬೇಕು, 0.8 ಜಿ ಇದ್ದರೆ 49 ಮೀಟರ್. ಈಗಿನ ಕ್ಯಾಲಿಪರ್‌ನಲ್ಲೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸಕ್ಕೆ ಬರುತ್ತಿದೆ ಎಂದರೆ ಎಷ್ಟು ಪಿಸ್ಟನ್ ಸೇರಿಸಿದರೂ ಆ ದೂರ ಕಡಿಮೆಯಾಗದು. ಮುಂದಿನ ಕ್ಯಾಲಿಪರ್ ಮಾತ್ರ ದೊಡ್ಡದು ಮಾಡಿ ಹಿಂದಿನದನ್ನು ಹಾಗೇ ಬಿಟ್ಟರೆ ಮುಂದಿನ ಚಕ್ರ ಬೇಗ ಲಾಕ್ ಆಗಲು ನೋಡುತ್ತದೆ, ಹಿಂದಿನ ಟೈರುಗಳು ದುಡಿಯದೆ ಉಳಿಯುತ್ತವೆ. ದುಬಾರಿ ಕಿಟ್ ಹಾಕಿಸಿದ ಮೇಲೆ ದೂರ ಹೆಚ್ಚಾಯಿತು ಎಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ.

ಬೆಟ್ಟದ ಮಾತೇ ಬೇರೆ. ನಂದಿ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 915. 1,500 ಕೆ.ಜಿ. ಕಾರು 500 ಮೀಟರ್ ಇಳಿದರೆ ಸುಮಾರು 7.4 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಅದೇ ಕಾರನ್ನು 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವುದು 0.58 ಮೆಗಾಜೂಲ್. ಎಂಜಿನ್ ಹಿಡಿತವನ್ನು ಬಳಸದೆ ಇಳಿದರೆ, ಗಾಳಿ ಮತ್ತು ಟೈರು ತಡೆಯುವ ಅಲ್ಪಸ್ವಲ್ಪ ಬಿಟ್ಟು, ಹನ್ನೆರಡು ಸಲ ನಿಲ್ಲಿಸಿದಷ್ಟು ಶಾಖ ನಾಲ್ಕು ಡಿಸ್ಕ್‌ಗಳ ಪಾಲಿಗೆ ಬರುತ್ತದೆ. ಕಡಿದಾದ ತಿರುವುಗಳಲ್ಲಿ ವೇಗವೂ ಕಡಿಮೆ, ತಂಪಾಗಲು ಗಾಳಿಯೂ ಸಾಲದು. ಸಣ್ಣಪುಟ್ಟ ಕ್ಯಾಲಿಪರ್ ದೋಷ ಬಯಲಾಗುವುದು ಇಲ್ಲೇ. ದೇವರಾಯನದುರ್ಗದ ಇಳಿಜಾರಿಗೂ ಈ ಲೆಕ್ಕ ಅನ್ವಯಿಸುತ್ತದೆ, ಎತ್ತರದ ಅಂಕಿ ಮಾತ್ರ ಬೇರೆ.

ಕಾಲಿಗೆ ಏನು ಗೊತ್ತಾಯಿತು?

ಸ್ಪ್ಯಾನರ್ ಹಿಡಿಯುವ ಮೊದಲು ಓಡಿಸಿದವರನ್ನು ಸರಿಯಾಗಿ ಕೇಳಿ. "ಬ್ರೇಕ್ ಸರಿ ಇಲ್ಲ" ಎಂಬ ಒಂದೇ ಮಾತಿನಲ್ಲಿ ಐದಾರು ರೋಗಗಳು ಅಡಗಿರುತ್ತವೆ.

ಪೆಡಲ್ ಗಟ್ಟಿಯಾಗೇ ಇತ್ತು, ಎಷ್ಟು ತುಳಿದರೂ ಗಾಡಿ ನಿಲ್ಲಲಿಲ್ಲ ಎಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಅರ್ಧ ಗಂಟೆ ತಣಿದ ಮೇಲೆ ಸರಿಹೋದರೆ ಇದು ಖಚಿತ. ತಣಿದ ಮೇಲೂ ಗಟ್ಟಿಯಾಗೇ ಇದ್ದರೆ ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸುವ ಭಾಗ) ನೋಡಿ: ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿಯಿರಿ, ಗಟ್ಟಿಯಾದ ಮೇಲೆ ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಕ್ಯಾಲಿಪರ್ ಮುಟ್ಟುವ ಅಗತ್ಯವೇ ಇಲ್ಲ.

ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಹೋಯಿತು ಎಂದರೆ ಆಯಿಲ್ ಕುದ್ದು ಆವಿಯಾಗಿದೆ, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿದೆ. ಬೆಟ್ಟದಲ್ಲಿ ಮಾತ್ರ ಹಾಗಾಗಿ ಮನೆಗೆ ಬರುವಷ್ಟರಲ್ಲಿ ಬಹುಪಾಲು ಸರಿಹೋದರೆ ಆಯಿಲ್ ಕುದ್ದಿದೆ. ಬೆಳಗ್ಗೆ ತಣ್ಣಗಿರುವಾಗಲೂ ಮೆತ್ತಗಿದ್ದರೆ ಗಾಳಿ. ಎಂಜಿನ್ ಓಡುತ್ತಿರುವಾಗ ಹಗುರಾಗಿ ತುಳಿದು ಹಿಡಿದಂತೆ ಪೆಡಲ್ ನಿಧಾನಕ್ಕೆ ಇಳಿಯುತ್ತಲೇ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಸೀಲ್ ಹೋಗಿದೆ.

ತಿರುವು ದಾಟಿದ ಮೇಲೆ ಮೊದಲ ತುಳಿತ ಆಳಕ್ಕೆ ಹೋಗುತ್ತದೆ, ಎರಡನೆಯದು ಸರಿ ಇರುತ್ತದೆ: ಇದು ಫಿಕ್ಸೆಡ್ ಕ್ಯಾಲಿಪರ್ ಕಾರುಗಳ ಖಾಸಾ ತೊಂದರೆ. ಮುಂದೆ ವಿವರವಾಗಿ ನೋಡೋಣ.

ಬ್ರೇಕ್ ಹಿಡಿದಾಗ ಮಾತ್ರ ಕಾರು ಎಡಕ್ಕೆ ಎಳೆದರೆ ಬಲಗಡೆಯ ಕ್ಯಾಲಿಪರ್ ದುಡಿಯುತ್ತಿಲ್ಲ. ಬ್ರೇಕ್ ಹಿಡಿಯದೆಯೂ ಎಡಕ್ಕೆ ಎಳೆದು ಎಡ ಚಕ್ರ ಬಿಸಿಯಾಗಿದ್ದರೆ ಎಡದ್ದು ಬಿಡುತ್ತಿಲ್ಲ. ಎರಡಕ್ಕೂ ಮೊದಲು ಟೈರಿನ ಗಾಳಿ ನೋಡಿ.

ಸ್ಟೀರಿಂಗ್ ನಡುಗಿದರೆ "ಡಿಸ್ಕ್ ಬೆಂಡ್ ಆಗಿದೆ" ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಬೆಂಡ್ ಆಗಿರುವುದಿಲ್ಲ. ಡಿಸ್ಕ್ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ, ಇಲ್ಲವೇ ಪ್ಯಾಡ್ ವಸ್ತು ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ. ಬಿಸಿ ಬ್ರೇಕಿನೊಂದಿಗೆ ಇಳಿದು ಬಂದು ಪೆಡಲ್ ಒತ್ತಿ ಹಿಡಿದೇ ನಿಂತರೆ ಆ ಮೆತ್ತುವಿಕೆ ಶುರುವಾಗುತ್ತದೆ. ಕಾದ ಡಿಸ್ಕಿಗೆ ನೀರು ಹೊಡೆಯುವ ಚಾಳಿಯಂತೂ ಬಿಟ್ಟೇಬಿಡಬೇಕು, ಎರಕದ ಕಬ್ಬಿಣ ಅದನ್ನು ತಡೆಯುವುದಿಲ್ಲ.

ತಾಪ ಪರೀಕ್ಷೆ

ಚಕ್ರ ಬಿಚ್ಚುವ ಮೊದಲು ಮಾಡಬೇಕಾದದ್ದು ಇದು. ಬೇಕಾದದ್ದು ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದೇ. ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ 10ರಿಂದ 15 ಕಿ.ಮೀ. ಆದಷ್ಟು ಬ್ರೇಕ್ ಬಳಸದೆ ಓಡಿಸಿ. ಕೊನೆಗೆ ಗೇರಿನಲ್ಲೇ ವೇಗ ಇಳಿಸಿ, ಹೆಚ್ಚುಕಡಿಮೆ ತಾನಾಗಿಯೇ ನಿಲ್ಲುವಂತೆ ಬಿಡಿ. ಇಳಿದ ತಕ್ಷಣ ನಾಲ್ಕೂ ಡಿಸ್ಕ್‌ಗಳ ತಾಪವನ್ನು ಒಂದೇ ಜಾಗದಲ್ಲಿ, ಒಂದೇ ದೂರದಿಂದ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಈ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಅಂಕಿಯನ್ನು ನಂಬಬೇಡಿ, ಎಡ ಬಲದ ವ್ಯತ್ಯಾಸವನ್ನು ನಂಬಿ. ಮುಂದಿನ ಎರಡು ಚಕ್ರಗಳ ನಡುವೆ 30ರಿಂದ 40 ಡಿಗ್ರಿ ಅಂತರ ಇದ್ದರೆ ಬಿಸಿ ಇರುವ ಕಡೆಯ ಕ್ಯಾಲಿಪರ್ ಬಿಡುತ್ತಿಲ್ಲ ಎಂದು ಇಟ್ಟುಕೊಳ್ಳಿ. ಹಿಂದೆ ಮುಂದಿನ ವ್ಯತ್ಯಾಸ ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದರ ವಿರುದ್ಧದ ಪರೀಕ್ಷೆಯೂ ಇದೆ. ನಾಲ್ಕೈದು ಸಲ 60ರಿಂದ 20ಕ್ಕೆ ಬ್ರೇಕ್ ಹಿಡಿದು ಅಳೆಯಿರಿ. ಈಗ ತಣ್ಣಗೆ ಉಳಿದದ್ದು ದುಡಿಯದ ಕ್ಯಾಲಿಪರ್.

ಬಿಡದ ಕ್ಯಾಲಿಪರ್: ಆಯಿಲ್ ಒತ್ತಡವೋ, ಲೋಹದ ಬಿಗಿತವೋ?

ಜಾಕಿ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೈ ಹಾಕಬೇಡಿ. ಪೆಡಲ್ ಒಮ್ಮೆ ತುಳಿದು ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಸಣ್ಣ ಉಜ್ಜುವ ಸದ್ದು ಇದ್ದರೂ ಸುಲಭವಾಗಿ ತಿರುಗಬೇಕು. ತಿರುಗದಿದ್ದರೆ, ಕ್ಯಾಲಿಪರ್‌ನಿಂದ ಗಾಳಿ ಮತ್ತು ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಬಿಟ್ಟರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು. ಬಿಡದಿದ್ದರೆ ಪಿಸ್ಟನ್, ಪಿನ್, ಇಲ್ಲವೇ ಪ್ಯಾಡೇ ಕಚ್ಚಿಕೊಂಡಿದೆ.

ಒತ್ತಡ ಸಿಕ್ಕಿಕೊಂಡಿದ್ದರೆ ನಿಪ್ಪಲ್ ಬಿಗಿದು, ಮತ್ತೆ ತುಳಿದು ಬಿಟ್ಟು, ಈ ಸಲ ರಬ್ಬರ್ ಹೋಸ್‌ಗಿಂತ ಮೇಲಿನ ಲೋಹದ ಪೈಪಿನ ನಟ್ ಸಡಿಲಿಸಿ. ಆಗಲೂ ಚಕ್ರ ಬಿಗಿಯಾಗೇ ಇದ್ದು, ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ಹೋಸ್‌ನ ಒಳಪದರ ಉಬ್ಬಿ ವಾಲ್ವ್‌ನಂತೆ ಮುಚ್ಚಿಕೊಂಡಿದೆ. ಹೊರಗಿನಿಂದ ಆ ಹೋಸ್ ಹೊಸದರಂತೆ ಕಾಣಬಹುದು. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನಲ್ಲೇ ನೇತುಬಿಡುವುದರಿಂದಲೂ ಅದು ಹಾಳಾಗುತ್ತದೆ. ತಂತಿ ಕಟ್ಟಿ ಸ್ಪ್ರಿಂಗಿಗೆ ನೇತುಹಾಕಿದರೆ ಆಯಿತು. ಪೈಪಿನ ನಟ್‌ಗೆ ಮಾಮೂಲಿ ರಿಂಗ್ ಸ್ಪ್ಯಾನರ್ ಕೂರುವುದಿಲ್ಲ, ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಬಳಸಿ.

ಪ್ಯಾಡ್ ಓದುವುದು

ತೆಗೆದ ಪ್ಯಾಡನ್ನು ಮೂಲೆಗೆ ಎಸೆಯುವ ಮೆಕ್ಯಾನಿಕ್ ಅರ್ಧ ಸಾಕ್ಷ್ಯವನ್ನೇ ಎಸೆದಂತೆ. ಪ್ರತಿಯೊಂದರ ಮೇಲೂ ಯಾವ ಚಕ್ರ, ಒಳಗಿನದೋ ಹೊರಗಿನದೋ, ಡಿಸ್ಕ್ ಯಾವ ಕಡೆ ತಿರುಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ನಾಲ್ಕೂ ಮೂಲೆಗಳ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ.

ಫ್ಲೋಟಿಂಗ್ ಕ್ಯಾಲಿಪರ್‌ನಲ್ಲಿ ಒಳ ಪ್ಯಾಡ್ 4 ಮಿ.ಮೀ., ಹೊರಗಿನದು 8 ಮಿ.ಮೀ. ಉಳಿದಿದ್ದರೆ ಗೈಡ್ ಪಿನ್ ಜಾಮ್. ಪಿಸ್ಟನ್ ತಾನೇ ಒತ್ತುತ್ತಿದೆ, ಮೈ ಜಾರಿ ಬರುತ್ತಿಲ್ಲ. ಎರಡು ಪಿನ್‌ಗಳಲ್ಲಿ ಒಂದು ಮಾತ್ರ ಕಚ್ಚಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಪಿನ್ ಹೊರಗೆಳೆದು ನೋಡಿ: ಒಳ್ಳೆಯದು ಬೆರಳಲ್ಲಿ ಒತ್ತಿದರೆ ಒಳಹೋಗಿ ಗಾಳಿಯ ಒತ್ತಡಕ್ಕೆ ತುಸು ಹಿಂದೆ ಬರುತ್ತದೆ. ಕೆಟ್ಟದ್ದರ ಮೇಲೆ ಹಳೆಯ ಗ್ರೀಸ್ ಕಂದು ಅಂಟಾಗಿ, ಕ್ರಷರ್ ಧೂಳು ಸೇರಿ ಉಪ್ಪುಕಾಗದದಂತೆ ಉಜ್ಜಿದ ಗೆರೆ ಕಾಣುತ್ತದೆ. ಕಲ್ಲುಕ್ವಾರಿಗಳ ಆಸುಪಾಸಿನ ರಸ್ತೆಗಳಲ್ಲಿ ದಿನಾ ಓಡಾಡುವ ಕಾರುಗಳಿಗೆ, ಪಿನ್ ಬೂಟ್ (ಧೂಳು ತಡೆಯುವ ರಬ್ಬರ್ ಹೊದಿಕೆ) ಒಂದು ಕಡೆ ಹರಿದಿದ್ದರೂ ಸಾಕು, ಈ ಗತಿ ಬರುತ್ತದೆ.

ಪಿನ್‌ಗೆ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕ್ ಪಿನ್‌ಗೆಂದೇ ಬರುವ ಗ್ರೀಸ್ ಮಾತ್ರ ಹಚ್ಚಿ, ಅದೂ ತೆಳ್ಳಗೆ. ಬೇರಿಂಗ್ ಗ್ರೀಸ್, ಎಂಜಿನ್ ಆಯಿಲ್ ತಾಗಿದರೆ ರಬ್ಬರ್ ಊದಿ ಮತ್ತೆ ಜಾಮ್. ಕೆಲವು ಕಾರುಗಳಲ್ಲಿ ಎರಡು ಪಿನ್ ಒಂದೇ ಥರ ಇರುವುದಿಲ್ಲ, ಒಂದರ ತುದಿಗೆ ರಬ್ಬರ್ ಬುಶ್ ಇರುತ್ತದೆ. ಮೇಲಿನದನ್ನು ಕೆಳಗೆ ಹಾಕಿದರೆ ಕೆಲಸ ಕೆಟ್ಟಿತು.

ಫಿಕ್ಸೆಡ್ ಕ್ಯಾಲಿಪರ್ ಪ್ಯಾಡ್‌ಗಳ ಭಾಷೆ ಬೇರೆ. ಡಿಸ್ಕ್ ಒಳಹೊಗುವ ತುದಿ ಹೆಚ್ಚು ಸವೆಯುವುದು ಪ್ಯಾಡಿನ ಸ್ವಭಾವ. ಅದಕ್ಕೇ ತಯಾರಕರು ಒಳಹೊಗುವ ಕಡೆ ಚಿಕ್ಕ ಪಿಸ್ಟನ್, ಹೊರಬರುವ ಕಡೆ ದೊಡ್ಡದು ಇಡುತ್ತಾರೆ. ಮೇಲಿನ ಉದಾಹರಣೆಯ 38 ಮತ್ತು 44 ಇದೇ. ಎಡ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹೋದರೆ ಈ ಕ್ರಮ ತಿರುಗುಮುರುಗಾಗಿ ಪ್ಯಾಡ್ ಬೇಗ ಓರೆಯಾಗುತ್ತದೆ. ಬಣ್ಣ ಹೊಡೆಸಲು ನಾಲ್ಕನ್ನೂ ಬಿಚ್ಚಿ ಕೊಟ್ಟ ಕಾರುಗಳಲ್ಲಿ ಇದನ್ನು ಮೊದಲು ನೋಡಿ. ಗುರುತು ಸುಲಭ: ಬ್ಲೀಡ್ ನಿಪ್ಪಲ್ ಕೆಳಮುಖ ಆಗಿದ್ದರೆ ಅದಲುಬದಲಾಗಿದೆ. ಆಗ ಮೇಲ್ಭಾಗದ ಗಾಳಿ ಎಷ್ಟು ತೆಗೆದರೂ ಹೋಗದು.

ಪ್ಯಾಡಿನ ಹೊರ ಅಂಚು, ಅಂದರೆ ಡಿಸ್ಕ್‌ನ ಹೊರ ಸುತ್ತಿನ ಕಡೆ, ಎದ್ದು ಕಾಣುವಷ್ಟು ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಮೈ ಒತ್ತಡಕ್ಕೆ ಬಾಯಿ ತೆರೆಯುತ್ತಿದೆ. ಎರಡು ಬದಿಗಳನ್ನು ಜೋಡಿಸುವ ಸೇತುವೆ ಡಿಸ್ಕಿನ ಹೊರಗಡೆ ಇರುವುದರಿಂದ ಅದು ಕೀಲಿನ ಕೆಲಸ ಮಾಡುತ್ತದೆ, ಒಳ ಸುತ್ತಿನ ಕಡೆ ಹಿಡಿತ ಸಡಿಲುತ್ತದೆ. ಹೊರ ಸುತ್ತಿನಲ್ಲಿ ಉಜ್ಜುವ ವೇಗ ಹೆಚ್ಚಿರುವುದರಿಂದ ಅಲ್ಪ ವ್ಯತ್ಯಾಸ ಸಹಜವೇ. ಇಡೀ ಅಲ್ಯೂಮಿನಿಯಂ ತುಂಡಿನಿಂದ ಕೊರೆದ ಮೋನೋಬ್ಲಾಕ್‌ಗಳು ಈ ಬಾಗುವಿಕೆಯನ್ನು ಚೆನ್ನಾಗಿ ತಡೆಯುತ್ತವೆ, ಅವುಗಳಿಗೆ ಕೊಡುವ ಹೆಚ್ಚಿನ ಹಣಕ್ಕೆ ನಿಜವಾದ ಕಾರಣ ಇದು. ಎರಡು ಭಾಗ ಸೇರಿಸಿ ಬೋಲ್ಟ್ ಹಾಕಿದ ಕ್ಯಾಲಿಪರ್‌ನಲ್ಲಿ ಆ ಬೋಲ್ಟ್ ಮುಟ್ಟಬೇಡಿ. ಒಂದರಿಂದ ಇನ್ನೊಂದಕ್ಕೆ ಆಯಿಲ್ ಹೋಗುವ ದಾರಿಯ ಸೀಲ್ ಅಲ್ಲೇ ಇರುವುದು ಸಾಮಾನ್ಯ.

ಪ್ಯಾಡ್ ಕೈಯಿಂದ ಎಳೆದರೆ ಬರದೆ, ಸುತ್ತಿಗೆ ಕೇಳುತ್ತಿದೆ ಎಂದರೆ ಪಿಸ್ಟನ್ ಬೈಯುವ ಮೊದಲು ಪ್ಯಾಡ್ ಕೂರುವ ಉಕ್ಕಿನ ಪಟ್ಟಿ ನೋಡಿ. ಅಲ್ಯೂಮಿನಿಯಂ ಮೈ ಮತ್ತು ಉಕ್ಕಿನ ಪಟ್ಟಿಯ ನಡುವೆ ಬಿಳಿ ಪುಡಿ ಬೆಳೆದು ಪಟ್ಟಿಯನ್ನು ಎತ್ತುತ್ತದೆ, ಪ್ಯಾಡ್ ಜಾಗವಿಲ್ಲದೆ ಸಿಕ್ಕಿಕೊಳ್ಳುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಕ್ಯಾಲಿಪರ್‌ಗಳಲ್ಲಿ ಇದು ಹೆಚ್ಚು. ಪಟ್ಟಿ ಬಿಚ್ಚಿ, ಪುಡಿ ಕೆರೆದು, ಹೊಸ ಸ್ಕ್ರೂ ಹಾಕಿ ಕೂರಿಸಬೇಕು. ಪ್ಯಾಡನ್ನು ಗ್ರೈಂಡರ್‌ಗೆ ಹಿಡಿದು ಅದರ ಕಿವಿ (ಪಟ್ಟಿಯ ಮೇಲೆ ಕೂರುವ ತುದಿ) ಸವೆಸುವುದು ತೇಪೆ ಅಷ್ಟೇ.

ಪಿಸ್ಟನ್ ಒಂದೊಂದಾಗಿ

ಪಿಸ್ಟನ್ ಹಿಂದೆ ಸರಿಯುವುದು ಸ್ಪ್ರಿಂಗಿನಿಂದಲ್ಲ. ಸುತ್ತಲಿನ ಚೌಕ ಅಡ್ಡಕೊಯ್ತದ ರಬ್ಬರ್ ಸೀಲ್, ಪಿಸ್ಟನ್ ಮುಂದೆ ಹೋದಾಗ ತಿರುಚಿಕೊಂಡು, ಒತ್ತಡ ಬಿಟ್ಟಾಗ ಹಳೆಯ ಆಕಾರಕ್ಕೆ ಮರಳುತ್ತಾ ಪಿಸ್ಟನನ್ನು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಎಳೆದುಕೊಳ್ಳುತ್ತದೆ. ಶಾಖಕ್ಕೆ ಸೀಲ್ ಗಡುಸಾದರೆ ಈ ಎಳೆತ ಹೋಗುತ್ತದೆ, ಪ್ಯಾಡ್ ಸದಾ ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ. ಬೂಟ್ ಸುಟ್ಟು ಪುಡಿಯಾಗಿದ್ದರೆ ಸೀಲ್ ಕೂಡ ನೆಟ್ಟಗಿಲ್ಲ ಎಂದೇ ತಿಳಿಯಿರಿ.

ಬಹು ಪಿಸ್ಟನ್ ಕ್ಯಾಲಿಪರ್‌ನಲ್ಲಿ ಒಂದನ್ನು ಒಳತಳ್ಳಿದರೆ ಇನ್ನೊಂದು ಹೊರಬರುತ್ತದೆ. ಆದ್ದರಿಂದ ಉಳಿದವಕ್ಕೆ ತೆಳು ಮರದ ಹಲಗೆ ಅಡ್ಡವಿಟ್ಟು, ಪರೀಕ್ಷಿಸುವ ಒಂದನ್ನು ಮಾತ್ರ ಬಿಡುವಾಗಿಡಿ. ಇನ್ನೊಬ್ಬರು ಪೆಡಲ್ ಮೆಲ್ಲಗೆ ಒತ್ತಲಿ, 3ರಿಂದ 4 ಮಿ.ಮೀ. ಹೊರಬಂದರೆ ಸಾಕು. ನಂತರ ನಿಪ್ಪಲ್ ತೆರೆದು ಕೈಬಲದಿಂದ ಅಥವಾ ಸಣ್ಣ ಸಿ ಕ್ಲಾಂಪ್‌ನಿಂದ ಹಿಂದಕ್ಕೆ ತಳ್ಳಿ. ನಿಪ್ಪಲ್ ತೆರೆಯುವುದರಿಂದ ಕೊಳೆ ಆಯಿಲ್ ಎಬಿಎಸ್ ಘಟಕಕ್ಕೆ ಹಿಂದಿರುಗುವುದಿಲ್ಲ. ನಾಲ್ಕೂ ಒಂದೇ ಬಲಕ್ಕೆ ಸರಿಯಬೇಕು. ಹಿಂದಿನ ಚಕ್ರದಲ್ಲಿ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ, ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್‌ನಲ್ಲಿ ಸರ್ವಿಸ್ ಮೋಡ್‌ಗೆ ಹಾಕದೆ ಕ್ಲಾಂಪ್ ಹಾಕಿದರೆ ಮೋಟರ್ ಹಾಳು. ತಿರುಗಿಸಿ ಒಳಹಾಕುವ ಬಗೆಯ ಪಿಸ್ಟನ್ನಿಗೂ ಕ್ಲಾಂಪ್ ನಡೆಯದು.

ತುಕ್ಕು ಅಥವಾ ಗೀರು ಬಿದ್ದ ಪಿಸ್ಟನನ್ನು ಲೇತಿಗೆ ಕೊಟ್ಟು ಪಾಲಿಶ್ ಮಾಡಿಸಬೇಡಿ. ಮೇಲಿನ ಲೇಪ ಹೋಗಿ ವ್ಯಾಸ ಕಡಿಮೆಯಾಗುತ್ತದೆ, ಸೀಲ್ ಹಿಡಿಯುವುದಿಲ್ಲ. ಅದೇ ವ್ಯಾಸದ ಪಿಸ್ಟನ್ ಮತ್ತು ಸೀಲ್ ಕಿಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ, ಸಿಗದಿದ್ದರೆ ತರಿಸಿಕೊಳ್ಳಿ. ಸೀಲನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿ ಅಥವಾ ಕಿಟ್ ಜೊತೆ ಬರುವ ಪೇಸ್ಟ್‌ನಲ್ಲಿ ಅದ್ದಿ ಕೂರಿಸಬೇಕು. ಇನ್ನೊಂದು ಮಾತು: ರೇಸ್‌ಗೆಂದು ಮಾಡಿದ ಎಷ್ಟೋ ಕ್ಯಾಲಿಪರ್‌ಗಳಿಗೆ ಡಸ್ಟ್ ಬೂಟ್ ಇರುವುದಿಲ್ಲ. ಟ್ರ್ಯಾಕ್‌ನಲ್ಲಿ ಓಡಿಸಿ ಪ್ರತಿ ಸಲ ಬಿಚ್ಚಿ ತೊಳೆಯುವವರಿಗೆ ಅದು ಸರಿ. ನಮ್ಮ ಧೂಳಿನಲ್ಲಿ ಅದನ್ನು ರಸ್ತೆ ಕಾರಿಗೆ ಹಾಕಿಸುವುದು ಶೋಕಿ ಅಷ್ಟೇ.

ತಿರುವಿನ ನಂತರದ ಉದ್ದ ಪೆಡಲ್

ಗಟ್ಟಿಯಾಗಿ ತಿರುವು ತೆಗೆದುಕೊಂಡಾಗ ಹಬ್ (ಚಕ್ರ ಮತ್ತು ಡಿಸ್ಕ್ ಕೂರುವ ಭಾಗ) ಸ್ವಲ್ಪ ಓಲಿ ಡಿಸ್ಕ್ ಓರೆಯಾಗುತ್ತದೆ. ಫ್ಲೋಟಿಂಗ್ ಕ್ಯಾಲಿಪರ್ ಡಿಸ್ಕ್ ಜೊತೆಗೇ ಜಾರುತ್ತದೆ. ಫಿಕ್ಸೆಡ್ ಜಾರಲಾರದು, ಹಾಗಾಗಿ ಡಿಸ್ಕ್ ಪಿಸ್ಟನ್‌ಗಳನ್ನು ಒಳಗೆ ತಳ್ಳಿಬಿಡುತ್ತದೆ. ಮುಂದಿನ ತುಳಿತ ಆ ಖಾಲಿ ಜಾಗ ತುಂಬುವುದರಲ್ಲೇ ಮುಗಿಯುತ್ತದೆ. ಎಷ್ಟೋ ಕಡೆ ಇದಕ್ಕೆ "ಏರ್ ಇದೆ" ಎಂದು ಮತ್ತೆ ಮತ್ತೆ ಆಯಿಲ್ ಬದಲಿಸುತ್ತಾರೆ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ಸಡಿಲ ನೋಡಿ. ಕಾಣದಿದ್ದರೆ ಡಯಲ್ ಗೇಜ್ (ಸೂಕ್ಷ್ಮ ಓಲಾಟ ಅಳೆಯುವ ಮುಳ್ಳಿನ ಮಾಪಕ) ಕಟ್ಟಿ, ಡಿಸ್ಕನ್ನು ಚಕ್ರದ ನಟ್‌ಗಳಿಂದ ಬಿಗಿದು, ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಓಲಾಟ ಅಳೆಯಿರಿ. ಬಹಳ ಕಾರುಗಳಿಗೆ 0.05 ಮಿ.ಮೀ. ಒಳಗಿದ್ದರೆ ನೆಮ್ಮದಿ, ನಿಖರ ಮಿತಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಹೆಚ್ಚಿದ್ದರೆ ಡಿಸ್ಕ್ ಬಿಚ್ಚಿ ಹಬ್ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು ಮತ್ತೆ ಅಳೆಯಿರಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಎಂಟು ಕಡೆ ನೋಡಿ, 0.02 ಮಿ.ಮೀ. ವ್ಯತ್ಯಾಸವೂ ಸ್ಟೀರಿಂಗಿಗೆ ತಿಳಿಯುತ್ತದೆ. ಕನಿಷ್ಠ ದಪ್ಪ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ, ಲೇತಿನಲ್ಲಿ ಸಿಪ್ಪೆ ತೆಗೆದ ಮೇಲೆ ಅದಕ್ಕಿಂತ ಕೆಳಗೆ ಹೋಗುವಂತಿದ್ದರೆ ಹೊಸದೇ ಹಾಕಿ. ಕಾರ್ಬನ್ ಸೆರಾಮಿಕ್ ಡಿಸ್ಕನ್ನು ಲೇತಿನ ಹತ್ತಿರವೂ ಒಯ್ಯಬೇಡಿ.

ಆಯಿಲ್

ಡಾಟ್ ಎಂಬುದು ಬ್ರೇಕ್ ಆಯಿಲ್ ದರ್ಜೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಹೀರಿದ ಮೇಲೆ 155. ಡಾಟ್ 5.1ಕ್ಕೆ ಇದು 260 ಮತ್ತು 180. ಬೆಟ್ಟದಲ್ಲಿ ಪೆಡಲ್ ಮೆತ್ತಗಾಗುವ ಕಾರಿನ ಆಯಿಲ್ ಎರಡು ವರ್ಷ ದಾಟಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಅದನ್ನು ಪೂರ್ತಿ ಬದಲಿಸಿ. ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿ ಬೇಡ. ಡಾಟ್ 5 ಸಿಲಿಕೋನ್ ಬಗೆಯದು, ಹೆಸರು ಹತ್ತಿರ ಇದೆಯೆಂದು ಇವುಗಳ ಜೊತೆ ಬೆರೆಸುವಂತಿಲ್ಲ.

ಫಿಕ್ಸೆಡ್ ಕ್ಯಾಲಿಪರ್‌ಗೆ ಒಳಗೊಂದು ಹೊರಗೊಂದು ನಿಪ್ಪಲ್ ಇರುವುದು ಹೆಚ್ಚು. ಹೊರಗಿನದನ್ನು ಮಾತ್ರ ತೆರೆದು ಏರ್ ತೆಗೆದೆವು ಎನ್ನುವವರಿದ್ದಾರೆ. ಎರಡೂ ಕಡೆ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಹರಿಸಿ, ಬಾನೆಟ್ ಒಳಗಿನ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯಲು ಬಿಡಬೇಡಿ. ಎಬಿಎಸ್ ಘಟಕಕ್ಕೇ ಗಾಳಿ ಹೊಕ್ಕಿದ್ದರೆ ಸ್ಕ್ಯಾನರ್ ಇಲ್ಲದೆ ಬಾರದು.

ಜೋಡಿಸಿದ ಮೇಲೆ

ಕ್ಯಾಲಿಪರ್ ಬೋಲ್ಟ್‌ಗಳನ್ನು ಕಾರಿನ ಪುಸ್ತಕದಲ್ಲಿರುವ ಅಂಕಿಗೇ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ, ಒಮ್ಮೆ ಮಾತ್ರ ಬಳಸುವ ಬೋಲ್ಟ್ ಇದ್ದರೆ ಹೊಸದು ಹಾಕಿ. ಕಾರು ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ತಳ್ಳಿದ ಪಿಸ್ಟನ್‌ಗಳು ಇನ್ನೂ ಒಳಗೇ ಇರುತ್ತವೆ, ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ.

ಹೊಸ ಪ್ಯಾಡ್ ಆದರೆ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿ.ಮೀ. ಓಡಿಸಿ ತಣಿಸಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ಮರುದಿನ ಮೊದಲಿನ ತಾಪ ಪರೀಕ್ಷೆಯನ್ನೇ ಅದೇ ರಸ್ತೆಯಲ್ಲಿ ಮಾಡಿ. ಎಡ ಬಲ ಹತ್ತಿರ ಹತ್ತಿರ ಬಂದಿದ್ದರೆ ಬೆಟ್ಟಕ್ಕೆ ಒಯ್ಯಿರಿ, ಎರಡನೇ ಗೇರಿನಲ್ಲಿ ಇಳಿಸಿ. ಒಂದೇ ಚಕ್ರ ಇನ್ನೂ ಬಿಸಿಯಾಗುತ್ತಿದ್ದರೆ, ಪಿನ್ನೂ ಪಿಸ್ಟನ್ನೂ ಈಗಾಗಲೇ ಸರಿಯಾಗಿರುವುದರಿಂದ, ಹೋಸ್ ಪರೀಕ್ಷೆಗೆ ವಾಪಸ್ ಹೋಗಬೇಕು.